ಬೂಷ್ಟು ಹುಲ್ಲಿನ ಧೂಳು ಮತ್ತು ರೈತನ ಶ್ವಾಸಕೋಶ

ರಾಗಿ ಮತ್ತು ಭತ್ತದ ಒಕ್ಕಣೆ ಮುಗಿದು ಹುಲ್ಲನ್ನು ಬಣವೆ ಒಟ್ಟಿದ ಮೇಲೆ ರೈತನಿಗೆ ವರ್ಷದ ಮೇವಿನ ಚಿಂತೆ ಬಹುಮಟ್ಟಿಗೆ ತೀರುತ್ತದೆ. ಆದರೆ ಕೊಯ್ಲಿನ ವೇಳೆಗೆ ಅಕಾಲ ಮಳೆ ಬಿದ್ದು, ಹುಲ್ಲು ಸರಿಯಾಗಿ ಒಣಗುವ ಮೊದಲೇ ಅವಸರದಲ್ಲಿ ಒಟ್ಟಿದ್ದರೆ ಆ ಬಣವೆಯಿಂದ ಎರಡು ಬಗೆಯ ನಷ್ಟ ಉಂಟಾಗುತ್ತದೆ. ಮೊದಲನೆಯದು ಮೇವು ಕೆಡುವುದು. ಇದು ಎಲ್ಲರಿಗೂ ತಿಳಿದ ವಿಷಯ. ಎರಡನೆಯದು, ಆ ಹುಲ್ಲನ್ನು ದಿನವೂ ಹಿರಿದು ದನಗಳಿಗೆ ಹಾಕುವವರ ಶ್ವಾಸಕೋಶ ಕೆಡುವುದು. ಇದು ಎಷ್ಟೋ ಮನೆಗಳಲ್ಲಿ ಗಮನಕ್ಕೆ ಬರುವುದೇ ಇಲ್ಲ. ಗಮನಕ್ಕೆ ಬರುವ ವೇಳೆಗೆ ಕಾಲ ಮೀರಿರುತ್ತದೆ.

ಇಂಥ ರೋಗವನ್ನು ವೇಳೆಗೆ ಸರಿಯಾಗಿ ಗುರುತಿಸಿದರೆ ಪೂರ್ಣ ಗುಣವಾಗುವ ಸಾಧ್ಯತೆ ಹೆಚ್ಚು. ತಡವಾದರೆ ಶ್ವಾಸಕೋಶದಲ್ಲಿ ಕಲೆಗಟ್ಟಿ, ಹೋದ ಶಕ್ತಿ ಮತ್ತೆ ಬರುವುದಿಲ್ಲ. ಆದ್ದರಿಂದ ರೋಗ ಹೇಗೆ ಬರುತ್ತದೆ, ಎದೆರೋಗ ತಜ್ಞರ ಬಳಿಗೆ ಯಾವಾಗ ಹೋಗಬೇಕು, ಅಲ್ಲಿ ಯಾವ ಪರೀಕ್ಷೆ ಮತ್ತು ಆರೈಕೆ ದೊರೆಯುತ್ತದೆ ಎಂಬುದನ್ನು ಪ್ರತಿಯೊಬ್ಬ ರೈತನೂ ವಿಸ್ತರಣಾ ಕಾರ್ಯಕರ್ತನೂ ತಿಳಿದಿರುವುದು ಒಳ್ಳೆಯದು.

ಬಂದು ಹೋಗುವ ಜ್ವರ

ರೋಗದ ಆರಂಭ ಸಾಮಾನ್ಯವಾಗಿ ಹೀಗಿರುತ್ತದೆ. ಬೆಳಿಗ್ಗೆ ಬಣವೆಯ ಒಳಭಾಗದ ಬೂಷ್ಟು ಹಿಡಿದ ಹುಲ್ಲನ್ನು ಹಿರಿದು ಕೊಟ್ಟಿಗೆಗೆ ಸಾಗಿಸಿದ ರೈತನಿಗೆ ಆಗ ಏನೂ ತೊಂದರೆ ಕಾಣುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ, ಅಂದರೆ ಮಧ್ಯಾಹ್ನದ ಹೊತ್ತಿಗೋ ಸಂಜೆಗೋ, ಚಳಿ ಜ್ವರ, ಮೈಕೈ ನೋವು, ಒಣಕೆಮ್ಮು, ಎದೆ ಬಿಗಿತ ಮತ್ತು ಏದುಸಿರು ಕಾಣಿಸಿಕೊಳ್ಳುತ್ತವೆ. ಮಧ್ಯೆ ಇಷ್ಟು ಗಂಟೆಗಳ ಅಂತರವಿರುವುದರಿಂದ ಹುಲ್ಲಿಗೂ ಜ್ವರಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ನೆಗಡಿ ಜ್ವರವೆಂದೋ ಮಲೇರಿಯಾ ಎಂದೋ ಮಾತ್ರೆ ತೆಗೆದುಕೊಂಡು ರೈತ ಎರಡು ಮೂರು ದಿನ ಮಲಗುತ್ತಾನೆ, ಜ್ವರ ಬಿಡುತ್ತದೆ.

ಮೋಸವಾಗುವುದು ಇಲ್ಲಿಯೇ. ಮಾತ್ರೆಯಿಂದ ಗುಣವಾಯಿತೆಂದು ಮನೆಯವರು ನಂಬುತ್ತಾರೆ. ನಿಜವಾಗಿ ಗುಣವಾದದ್ದು, ಆ ಮೂರು ದಿನ ಅವನು ಹುಲ್ಲಿನ ಧೂಳಿನಿಂದ ದೂರವಿದ್ದುದರಿಂದ. ಚೇತರಿಸಿಕೊಂಡು ಮತ್ತೆ ಅದೇ ಬಣವೆಗೆ ಕೈ ಹಾಕಿದಾಗ ಜ್ವರ ಮರುಕಳಿಸುತ್ತದೆ. ಹೀಗೆ ಹಲವು ಬಾರಿ ಆದ ಮೇಲೆ ಜ್ವರ ಹೋದರೂ ಏದುಸಿರು ಪೂರ್ತಿ ಹೋಗುವುದಿಲ್ಲ.

ಇನ್ನು ಕೆಲವರಲ್ಲಿ ಜ್ವರವೇ ಬರುವುದಿಲ್ಲ. ಸ್ವಲ್ಪ ಸ್ವಲ್ಪ ಧೂಳನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಕೆಮ್ಮು, ಆಯಾಸ, ತೂಕ ಇಳಿಯುವುದು ಮತ್ತು ದಿಣ್ಣೆ ಹತ್ತುವಾಗ ಉಸಿರು ಸಾಲದಿರುವುದು ನಿಧಾನವಾಗಿ ಹೆಚ್ಚುತ್ತವೆ. ವಯಸ್ಸಾಯಿತೆಂದು ಸುಮ್ಮನಿರುವ ಈ ಬಗೆಯವರಿಗೇ ಅಪಾಯ ಹೆಚ್ಚು.

ಬಣವೆಯೊಳಗೆ ನಡೆಯುವುದೇನು?

ತೇವ ಶೇಕಡ 15ಕ್ಕಿಂತ ಕಡಿಮೆಯಿರುವ ಹುಲ್ಲಿನಲ್ಲಿ ಬೂಷ್ಟು ಬೆಳೆಯುವುದು ಕಷ್ಟ. ತೇವ ಶೇಕಡ 30 ಮುಟ್ಟಿದರೆ ಒಟ್ಟಿದ ಹುಲ್ಲು ತಾನೇ ಕಾವೇರಲು ತೊಡಗುತ್ತದೆ. ಬಣವೆಯ ನಡುವೆ 50ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶಾಖಪ್ರಿಯ ಆಕ್ಟಿನೋಮೈಸಿಟ್ ಎಂಬ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಇವು ಶಿಲೀಂಧ್ರದಂತೆ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು. ಹುಲ್ಲು ಒಣಗಿದ ಮೇಲೆ ಇವುಗಳ ಬೀಜಕಣಗಳು ಬಿಳಿಯ ಧೂಳಿನಂತೆ ಉಳಿಯುತ್ತವೆ. ಇಂಥ ಹುಲ್ಲನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಕೊಡವಿದರೆ ಒಂದು ಘನ ಮೀಟರ್ ಗಾಳಿಯಲ್ಲಿ ನೂರು ಕೋಟಿಗೂ ಹೆಚ್ಚು ಬೀಜಕಣಗಳು ತೇಲಬಲ್ಲವೆಂದು ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ನಡೆದ ಅಳತೆಗಳು ತೋರಿಸಿದವು.

ಒಂದು ಬೀಜಕಣದ ಗಾತ್ರ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ದಪ್ಪ ಧೂಳು ಮೂಗು ಗಂಟಲುಗಳಲ್ಲಿ ಸಿಕ್ಕಿಕೊಂಡು ಸೀನು ಕಫಗಳೊಡನೆ ಹೊರಬೀಳುತ್ತದೆ. ಈ ಬೀಜಕಣಗಳು ಹಾಗಲ್ಲ. ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಇಳಿಯುತ್ತವೆ.

ಶ್ವಾಸಕೋಶದೊಳಗೆ ನಡೆಯುವುದೇನು?

ಮನುಷ್ಯನ ಶ್ವಾಸಕೋಶದಲ್ಲಿ 30 ಕೋಟಿಗೂ ಮೇಲ್ಪಟ್ಟು ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಎಂದರೆ ಮುಕ್ಕಾಲು ಗುಂಟೆಗೆ ತುಸು ಕಡಿಮೆ ವಿಸ್ತೀರ್ಣ ಆಗುತ್ತದೆ. ಗಾಳಿಯ ಆಮ್ಲಜನಕ ರಕ್ತಕ್ಕೆ ಸೇರುವುದು ಈ ತೆಳುವಾದ ಹಾಸಿನ ಮೂಲಕ. ಬೀಜಕಣಗಳು ಇಲ್ಲಿ ಸೇರಿದಾಗ ಕೆಲವರ ದೇಹ ಅವನ್ನು ಶತ್ರುವೆಂದು ಬಗೆದು ಅತಿಯಾಗಿ ಪ್ರತಿಭಟಿಸುತ್ತದೆ. ಈ ಪ್ರತಿಭಟನೆಯೇ ಉರಿಯೂತ. ಆದ್ದರಿಂದ ಇದು ಅಂಟುರೋಗವಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಒಂದೇ ಬಣವೆಯ ಹುಲ್ಲು ಹಿರಿಯುವ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ರೋಗ ಬರಬಹುದು.

ಧೂಳು ನಿಂತರೆ ಉರಿಯೂತ ಇಳಿಯುತ್ತದೆ. ಧೂಳು ಮುಂದುವರಿದರೆ ಉರಿಯೂತವಾದ ಜಾಗ ಗಾಯ ಮಾಯ್ದ ಚರ್ಮದಂತೆ ಗಡುಸಾಗುತ್ತದೆ. ಹೀಗೆ ಗಡುಸಾದ ಭಾಗ ಮತ್ತೆ ಮೃದುವಾಗುವುದಿಲ್ಲ.

ಈ ರೋಗವನ್ನು ಇಂಗ್ಲೆಂಡಿನ ವೈದ್ಯ ಕ್ಯಾಂಬೆಲ್ 1932ರಲ್ಲಿ ಬೂಷ್ಟು ಹುಲ್ಲಿನ ಕೆಲಸ ಮಾಡಿದ ರೈತರಲ್ಲಿ ಗುರುತಿಸಿ ವರ್ಣಿಸಿದರು. ಮುಂದೆ ಇದಕ್ಕೆ ರೈತನ ಶ್ವಾಸಕೋಶ ಎಂಬ ಹೆಸರೇ ನಿಂತಿತು. ಭಾರತದ 19 ನಗರಗಳ 27 ಕೇಂದ್ರಗಳಲ್ಲಿ, ಶ್ವಾಸಕೋಶದ ಅಂಗಾಂಶ ಕೆಟ್ಟಿದ್ದ 1,084 ರೋಗಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇಕಡ 47ರಷ್ಟು ಮಂದಿಗೆ ಇದೇ ಗುಂಪಿನ ರೋಗವಿತ್ತು. ಅವರಲ್ಲಿ ಅನೇಕರಿಗೆ ಕಾರಣವಾಗಿದ್ದು ಹುಲ್ಲಲ್ಲ; ಬೂಷ್ಟು ಹಿಡಿದ ಏರ್ ಕೂಲರ್ ಮತ್ತು ಪಕ್ಷಿಗಳ ಧೂಳು. ಕಾರಣ ಬೇರೆಯಾದರೂ ರೋಗದ ರೀತಿ ಒಂದೇ.

ಹುಲ್ಲು ಒಂದೇ ಅಲ್ಲ

ಕೃಷಿಗೆ ಸೇರಿದ ಇನ್ನೂ ಹಲವು ಕೆಲಸಗಳಲ್ಲಿ ಇದೇ ಅಪಾಯವಿದೆ.

1. ಒಟ್ಟಿಟ್ಟ ಹಳೆಯ ಕಬ್ಬಿನ ಸಿಪ್ಪೆ. ಸಕ್ಕರೆ ಮತ್ತು ಕಾಗದದ ಕಾರ್ಖಾನೆಗಳ ಕೆಲಸಗಾರರಲ್ಲಿ ಕಾಣುವ ಈ ರೋಗವನ್ನು ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಡಾ. ಆರ್. ವಿಶ್ವನಾಥನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಅಭ್ಯಸಿಸಿದರು. ಹೊಸ ಸಿಪ್ಪೆಗಿಂತ ತೇವದಲ್ಲಿ ಬಹುಕಾಲ ಬಿದ್ದ ಸಿಪ್ಪೆಯೇ ಅಪಾಯಕಾರಿ.
2. ಕೋಳಿ ಮತ್ತು ಪಾರಿವಾಳ ಸಾಕಣೆಯಲ್ಲಿ ಒಣಗಿದ ಹಿಕ್ಕೆ ಹಾಗೂ ಪುಕ್ಕದ ಧೂಳು.
3. ಅಣಬೆ ಬೇಸಾಯದಲ್ಲಿ ಕಾಂಪೋಸ್ಟ್ ಮತ್ತು ಅಣಬೆಯ ಬೀಜಕಣಗಳು.
4. ತೇವದಲ್ಲಿ ಕೆಟ್ಟ ಮೆಕ್ಕೆಜೋಳ, ಜೋಳ ಮುಂತಾದ ಕಾಳುಗಳ ಧೂಳು.

ಇವಲ್ಲದೆ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯ ರೆಕ್ಕೆಪುಡಿಯಿಂದ ಕೆಲವರಿಗೆ ಗೂರಲು ಬರುವುದುಂಟು. ಇದು ಬೇರೆ ಬಗೆಯ ರೋಗವಾದರೂ ತಜ್ಞರ ಗಮನಕ್ಕೆ ತರಬೇಕಾದದ್ದೇ.

ದಮ್ಮೆಲ್ಲ ಒಂದೇ ರೋಗವಲ್ಲ

ಹಳ್ಳಿಗಳಲ್ಲಿ ದಮ್ಮು, ಗೂರಲು, ಉಬ್ಬಸ ಎಂದು ಒಂದೇ ಹೆಸರಿನಿಂದ ಕರೆಯುವ ತೊಂದರೆಯ ಹಿಂದೆ ಹಲವು ರೋಗಗಳಿರುತ್ತವೆ. ಕೆರೆಯ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಕೆರೆಯಲ್ಲಿ ನೀರು ತುಂಬಿದ್ದರೂ ತೂಬು ಕಟ್ಟಿಕೊಂಡಿದ್ದರೆ ಗದ್ದೆಗೆ ನೀರು ಬರುವುದಿಲ್ಲ. ತೂಬು ಸರಿಯಿದ್ದರೂ ಕೆರೆಯಲ್ಲಿ ಹೂಳು ತುಂಬಿದ್ದರೆ ಆಗಲೂ ನೀರು ಸಾಲುವುದಿಲ್ಲ. ಗದ್ದೆಯಲ್ಲಿ ನಿಂತವನಿಗೆ ಎರಡೂ ಒಂದೇ ಬಗೆಯ ಕೊರತೆಯಾಗಿ ಕಾಣುತ್ತದೆ. ಆದರೆ ಪರಿಹಾರ ಬೇರೆ ಬೇರೆ.

ಉಬ್ಬಸ ಮತ್ತು ಸಿ.ಒ.ಪಿ.ಡಿ. ಎಂಬ ದೀರ್ಘಕಾಲದ ರೋಗ ತೂಬು ಕಟ್ಟಿದಂತೆ. ಇವುಗಳಲ್ಲಿ ಶ್ವಾಸನಾಳಗಳು ಕಿರಿದಾಗುತ್ತವೆ. ಉಬ್ಬಸದಲ್ಲಿ ತೂಬು ಆಗಾಗ ಕಟ್ಟಿ ಬಿಡುತ್ತದೆ, ಸಿ.ಒ.ಪಿ.ಡಿ.ಯಲ್ಲಿ ಪೂರ್ತಿ ಬಿಡುವುದೇ ಇಲ್ಲ. ರೈತನ ಶ್ವಾಸಕೋಶ ಬಲಿತಾಗ ಹೂಳು ತುಂಬಿದ ಕೆರೆಯಂತೆ. ಶ್ವಾಸಕೋಶವೇ ಗಡುಸಾಗಿ ಕುಗ್ಗುತ್ತದೆ.

ಸಿ.ಒ.ಪಿ.ಡಿ. ಬೀಡಿ ಸೇದುವವರ ರೋಗವೆಂದು ಹೆಸರಾದರೂ, ಬೀಡಿ ಮುಟ್ಟದ ಹೆಣ್ಣುಮಕ್ಕಳಿಗೂ ಸೌದೆ, ಬೆರಣಿ ಒಲೆಗಳ ಹೊಗೆಯಿಂದ ಬರುತ್ತದೆ. 2016ರಲ್ಲಿ ಭಾರತದಲ್ಲಿ ಸುಮಾರು 5 ಕೋಟಿ 53 ಲಕ್ಷ ಮಂದಿಗೆ ಈ ರೋಗವಿತ್ತೆಂದು ಅಂದಾಜು ಮಾಡಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಹೊಗೆ ಕಡಿಮೆ ಮಾಡುವ ಒಲೆಯನ್ನು ರೂಪಿಸಿದ್ದು ಈ ದೃಷ್ಟಿಯಿಂದಲೂ ಉಪಯುಕ್ತವಾಯಿತು. ಅಡುಗೆ ಅನಿಲ ಬಂದ ಮನೆಗಳಲ್ಲಿಯೂ ನೀರು ಕಾಯಿಸಲು ಸೌದೆ ಒಲೆ ಉಳಿದಿದ್ದರೆ ಹೊಗೆ ಹೊರಹೋಗುವ ಕೊಳವೆ ಅಗತ್ಯ.

ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕ್ಷಯದ ಕಫ ಪರೀಕ್ಷೆ ಮಾಡಿಸಬೇಕು. ಇದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೆ ಕಫದಲ್ಲಿ ಕ್ಷಯವಿಲ್ಲವೆಂದು ತಿಳಿದ ಮಾತ್ರಕ್ಕೆ ರೋಗವೇ ಇಲ್ಲವೆಂದು ಸುಮ್ಮನಾಗಬಾರದು. ಹಾಗೆಯೇ ಆಧಾರವಿಲ್ಲದೆ ಮತ್ತೆ ಮತ್ತೆ ಕ್ಷಯದ ಮಾತ್ರೆ ತೆಗೆದುಕೊಳ್ಳುವುದೂ ಸರಿಯಲ್ಲ.

ತಜ್ಞರ ಬಳಿಗೆ ಯಾವಾಗ?

ಈ ಕೆಳಗಿನ ಯಾವುದೇ ಲಕ್ಷಣವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ ಎದೆರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಬೇಕು.

1. ಧೂಳಿನ ಕೆಲಸ ಮಾಡಿದ ದಿನವೇ ಜ್ವರ, ಏದುಸಿರು ಬಂದು, ಕೆಲಸ ಬಿಟ್ಟ ಮೇಲೆ ಇಳಿದು, ಮತ್ತೆ ಮರುಕಳಿಸುವುದು.
2. ಸಮವಯಸ್ಕರೊಡನೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಹಿಂದೆ ಬೀಳುವುದು ಅಥವಾ ನಡುವೆ ನಿಲ್ಲಬೇಕಾಗುವುದು.
3. ಕಫ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದು ತಿಳಿದರೂ ಕೆಮ್ಮು ಎರಡು ತಿಂಗಳು ಮೀರಿ ಉಳಿಯುವುದು.
4. ಬೆರಳ ತುದಿಗಳು ದುಂಡಗೆ ಉಬ್ಬುವುದು, ಕಾರಣವಿಲ್ಲದೆ ತೂಕ ಇಳಿಯುವುದು.

ಮಾತು ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಮಂಪರು, ಕಫದಲ್ಲಿ ಹೆಚ್ಚು ರಕ್ತ ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಎದೆರೋಗ ವಿಭಾಗಗಳಿವೆ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಇದೆ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಕ್ಷಯರೋಗಿಗಳಿಗಾಗಿ ತೆರೆದ ಆಸ್ಪತ್ರೆ ರಾಜ್ಯದಲ್ಲಿ ಎದೆರೋಗಗಳ ವಿಶೇಷ ಆರೈಕೆಗೆ ಬಹಳ ಹಿಂದೆಯೇ ಬುನಾದಿ ಹಾಕಿತು. ಹೋಗುವಾಗ ಪಡಿತರ ಚೀಟಿ, ಆರೋಗ್ಯ ಯೋಜನೆಯ ಕಾರ್ಡು, ಹಳೆಯ ಎಕ್ಸ್‌ರೇಗಳು ಮತ್ತು ಸೇವಿಸುತ್ತಿರುವ ಮಾತ್ರೆಗಳನ್ನು ತಪ್ಪದೆ ಒಯ್ಯಬೇಕು.

ತಜ್ಞರು ರೋಗ ಪತ್ತೆ ಮಾಡುವ ಬಗೆ

ಮೊದಲನೆಯ ಮತ್ತು ಮುಖ್ಯವಾದ ಪರೀಕ್ಷೆ ಮಾತುಕತೆಯೇ. ರೋಗಿ ಯಾವ ಕೆಲಸ ಮಾಡುತ್ತಾನೆ, ಮನೆಯಲ್ಲಿ ಕೋಳಿ ಪಾರಿವಾಳಗಳಿವೆಯೆ, ಯಾವ ಹೊತ್ತಿನಲ್ಲಿ ತೊಂದರೆ ಹೆಚ್ಚುತ್ತದೆ ಎಂಬುದನ್ನು ತಜ್ಞರು ಕೇಳುತ್ತಾರೆ. ಅವರು ಕೇಳದಿದ್ದರೂ ರೈತ ತಾನಾಗಿ ಹೇಳಬೇಕು. 'ಬೇಸಾಯ ಮಾಡುತ್ತೇನೆ' ಎಂದಷ್ಟೇ ಹೇಳಿದರೆ ಸಾಲದು. 'ಬೂಷ್ಟು ಹಿಡಿದ ಹುಲ್ಲು ಹಿರಿದ ದಿನ ಸಂಜೆ ಜ್ವರ ಬರುತ್ತದೆ' ಎಂಬ ಒಂದು ವಾಕ್ಯ ಹತ್ತು ಪರೀಕ್ಷೆಗಳ ಕೆಲಸ ಮಾಡಬಲ್ಲದು.

ಎರಡನೆಯದು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ. ಲಂಡನ್ನಿನ ವೈದ್ಯ ಹಚಿನ್ಸನ್ 1846ರಲ್ಲಿ ಬಳಕೆಗೆ ತಂದ ಉಪಕರಣದ ಸುಧಾರಿಸಿದ ರೂಪ ಇಂದಿನದು. ಉಸಿರನ್ನು ಪೂರ್ತಿ ಎಳೆದು ಒಂದೇ ಸಮನೆ ಜೋರಾಗಿ ಊದಬೇಕು. ಸಿ.ಒ.ಪಿ.ಡಿ.ಯಲ್ಲಿ, ನಾಳ ಹಿಗ್ಗಿಸುವ ಔಷಧಿ ಕೊಟ್ಟ ನಂತರವೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಶೇಕಡ 70ಕ್ಕಿಂತ ಕಡಿಮೆಯಿರುತ್ತದೆ. ಒಟ್ಟು ಗಾಳಿಯೇ ಕಡಿಮೆಯಾಗಿ ಪಾಲು ಸರಿಯಿದ್ದರೆ ಶ್ವಾಸಕೋಶ ಕುಗ್ಗಿರುವ ಶಂಕೆ ಮೂಡುತ್ತದೆ. ಹೀಗೆ ತೂಬಿನ ದೋಷವೋ ಕೆರೆಯ ದೋಷವೋ ತಿಳಿಯುತ್ತದೆ.

ಸಾಮಾನ್ಯ ಎಕ್ಸ್‌ರೇಯಲ್ಲಿ ಆರಂಭದ ರೋಗ ಕಾಣದೆ ಹೋಗಬಹುದು. ಆಗ ಎದೆಯ ಸೂಕ್ಷ್ಮ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಇನ್ನೂ ಗಳಿಸಬಹುದಾದ ಉರಿಯೂತ ಎಷ್ಟು, ಕಲೆಗಟ್ಟಿದ ಭಾಗ ಎಷ್ಟು ಎಂಬುದನ್ನು ಇದು ಬಹುಮಟ್ಟಿಗೆ ತೋರಿಸುತ್ತದೆ. ಆರು ನಿಮಿಷ ನಡೆಸಿ ರಕ್ತದ ಆಮ್ಲಜನಕ ಅಳೆಯುವುದು, ಅಗತ್ಯವಿದ್ದರೆ ಶ್ವಾಸನಾಳದೊಳಗೆ ದುರ್ಬೀನು ಇಳಿಸಿ ತೊಳೆದ ದ್ರವವನ್ನು ಪರೀಕ್ಷಿಸುವುದು ಮುಂದಿನ ಹಂತಗಳು. ರಕ್ತದಲ್ಲಿ ಬೂಷ್ಟಿನ ಪ್ರತಿಕಾಯ ಕಂಡರೆ ಆ ವ್ಯಕ್ತಿ ಧೂಳಿಗೆ ಒಡ್ಡಿಕೊಂಡಿದ್ದಾನೆ ಎಂದಷ್ಟೇ ಅರ್ಥ. ರೋಗವಿದೆಯೆಂದು ಅದೊಂದರಿಂದಲೇ ತೀರ್ಮಾನಿಸಲಾಗದು. ಆದ್ದರಿಂದ ಕಠಿಣ ಪ್ರಸಂಗಗಳಲ್ಲಿ ಎದೆರೋಗ ತಜ್ಞರು, ಸ್ಕ್ಯಾನ್ ಓದುವ ತಜ್ಞರು ಮತ್ತು ಅಂಗಾಂಶ ಪರೀಕ್ಷಕರು ಒಟ್ಟಿಗೆ ಕುಳಿತು ನಿರ್ಣಯಿಸುತ್ತಾರೆ.

ಚಿಕಿತ್ಸೆ

ಮೊದಲ ಔಷಧಿ ಧೂಳಿನಿಂದ ದೂರವಿರುವುದು. ಇದನ್ನು ಪಾಲಿಸದೆ ಎಷ್ಟು ಮಾತ್ರೆ ನುಂಗಿದರೂ, ಒಡೆದ ಏರಿಯನ್ನು ಕಟ್ಟದೆ ಕೆರೆಗೆ ನೀರು ಬಿಟ್ಟಂತೆ.

ಉರಿಯೂತ ಹೆಚ್ಚಿದ್ದರೆ ತಜ್ಞರು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಗೊತ್ತಾದ ಪ್ರಮಾಣದಲ್ಲಿ ಆರಂಭಿಸಿ ವಾರಗಟ್ಟಲೆ ಕ್ರಮವಾಗಿ ಇಳಿಸುತ್ತಾರೆ. ಈ ಮಾತ್ರೆಯನ್ನು ಅಂಗಡಿಯಿಂದ ತಾನೇ ಕೊಂಡು ನುಂಗುವುದೂ, ಗುಣ ಕಂಡಿತೆಂದು ಒಮ್ಮೆಗೇ ನಿಲ್ಲಿಸುವುದೂ ಅಪಾಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತಗಳ ಬಗ್ಗೆ ನಿಗಾ ಬೇಕಾಗುತ್ತದೆ. ಕಲೆಗಟ್ಟುವುದು ಮುಂದುವರಿಯುತ್ತಿದ್ದರೆ ಅದರ ವೇಗ ತಗ್ಗಿಸುವ ನಿಂಟೆಡಾನಿಬ್ ಎಂಬ ಔಷಧಿ ಈಗ ಬಳಕೆಯಲ್ಲಿದೆ. ಆಗಿರುವ ಕಲೆಯನ್ನು ಇದು ಅಳಿಸುವುದಿಲ್ಲ; ಮುಂದಿನದನ್ನು ನಿಧಾನಗೊಳಿಸುತ್ತದೆ.

ಉಬ್ಬಸ ಮತ್ತು ಸಿ.ಒ.ಪಿ.ಡಿ.ಗೆ ಇನ್ಹೇಲರ್ ಮುಖ್ಯ. ಇದು ಚಟವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮಾತ್ರೆಗಿಂತ ಬಹು ಕಡಿಮೆ ಪ್ರಮಾಣದ ಔಷಧಿ ನೇರವಾಗಿ ನಾಳಕ್ಕೆ ತಲಪುತ್ತದೆ. ಸರಿಯಾಗಿ ಎಳೆಯುವ ಕ್ರಮವನ್ನು ಆಸ್ಪತ್ರೆಯಲ್ಲಿಯೇ ಮಾಡಿ ತೋರಿಸಿ ಒಪ್ಪಿಗೆ ಪಡೆಯಬೇಕು. ಸ್ಟೀರಾಯ್ಡ್ ಇನ್ಹೇಲರ್ ಬಳಸಿದ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು.

ರೋಗ ಬಲಿತವರ ಆರೈಕೆ

ಬಲಿತ ರೋಗಕ್ಕೆ ಏನೂ ಮಾಡಲಾಗದು ಎಂದು ಮೂಲೆ ಹಿಡಿಸುವುದು ಸರಿಯಲ್ಲ.

ಶ್ವಾಸ ಪುನಶ್ಚೇತನ ಎಂಬ ಆರರಿಂದ ಹನ್ನೆರಡು ವಾರಗಳ ಕ್ರಮದಲ್ಲಿ ರೋಗಿಗೆ ಅಳತೆಗೆ ತಕ್ಕ ನಡಿಗೆ, ಕೈಕಾಲಿನ ವ್ಯಾಯಾಮ ಮತ್ತು ಉಸಿರಾಟದ ಕ್ರಮ ಕಲಿಸುತ್ತಾರೆ. ಶ್ವಾಸಕೋಶ ಮೊದಲಿನಂತಾಗದಿದ್ದರೂ ಸ್ನಾಯುಗಳು ಬಲಗೊಂಡು ಅದೇ ಉಸಿರಿನಲ್ಲಿ ಹೆಚ್ಚು ದೂರ ನಡೆಯುವ ಶಕ್ತಿ ಬರುತ್ತದೆ. ಸಿ.ಒ.ಪಿ.ಡಿ.ಯವರು ಮೂಗಿನಿಂದ ಉಸಿರೆಳೆದು, ದೀಪ ಊದುವಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡುವುದರಿಂದ ಏದುಸಿರು ಹತೋಟಿಗೆ ಬರುತ್ತದೆ.

ಸುಮ್ಮನೆ ಕುಳಿತಿದ್ದಾಗಲೂ ರಕ್ತದ ಆಮ್ಲಜನಕದ ಮಟ್ಟ ಶೇಕಡ 88 ಅಥವಾ ಅದಕ್ಕೂ ಕಡಿಮೆ ಇರುವವರಿಗೆ ಮನೆಯಲ್ಲಿಯೇ ಆಮ್ಲಜನಕ ಕೊಡಬೇಕಾಗುತ್ತದೆ. ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಪಡೆದ ಸಿ.ಒ.ಪಿ.ಡಿ. ರೋಗಿಗಳ ಆಯುಷ್ಯ ಹೆಚ್ಚುತ್ತದೆಂದು 1980 ಮತ್ತು 1981ರಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನಲ್ಲಿ ಪ್ರಕಟವಾದ ಪ್ರಯೋಗಗಳು ಸ್ಥಿರಪಡಿಸಿದವು. ಎಷ್ಟು ಲೀಟರ್ ಎಂಬುದನ್ನು ವೈದ್ಯರೇ ಗೊತ್ತುಮಾಡಬೇಕು. ಹೆಚ್ಚು ಬಿಟ್ಟರೆ ಹೆಚ್ಚು ಒಳ್ಳೆಯದೆಂದು ತಿರುಪನ್ನು ತಿರುಗಿಸಬಾರದು. ಆಮ್ಲಜನಕವಿರುವ ಕೋಣೆಯಲ್ಲಿ ಬೀಡಿ, ಒಲೆ, ದೀಪ, ಊದುಬತ್ತಿ ಕೂಡದು.

ಪ್ರತಿವರ್ಷ ಫ್ಲೂ ಲಸಿಕೆ, ವೈದ್ಯರ ಸಲಹೆಯಂತೆ ನ್ಯುಮೋನಿಯಾ ಲಸಿಕೆ ಹಾಕಿಸಬೇಕು. ಆಯ್ದ ಕೆಲವರಿಗೆ ಶ್ವಾಸಕೋಶದ ಕಸಿ ಸಾಧ್ಯ. ಕೊನೆಯ ಹಂತದ ಏದುಸಿರಿನ ಸಂಕಟ ತಗ್ಗಿಸಲು ಉಪಶಮನ ಆರೈಕೆಯ ವೈದ್ಯರ ಬಳಿ ಔಷಧಿಗಳಿವೆ. ರೋಗಿಯ ಮುಂದೆ ವಿಷಯ ಮುಚ್ಚಿಡುವುದಕ್ಕಿಂತ, ಅವರಿಗೆ ಏನು ಬೇಕು, ಎಲ್ಲಿರಲು ಇಷ್ಟ ಎಂದು ಮನೆಯವರು ಕೇಳಿ ತಿಳಿಯುವುದು ಹೆಚ್ಚಿನ ಸಮಾಧಾನ ಕೊಡುತ್ತದೆ.

ಬೇಸಾಯ ಬಿಡಬೇಕೆ?

ತಜ್ಞರು 'ಧೂಳು ಬಿಡಿ' ಎಂದಾಗ ರೈತನ ಮನಸ್ಸಿಗೆ 'ದನ ಮಾರಿ' ಎಂದು ಕೇಳಿಸುತ್ತದೆ. ಈ ಭಯದಿಂದಲೇ ಎಷ್ಟೋ ಮಂದಿ ಎರಡನೆಯ ಸಲ ಆಸ್ಪತ್ರೆಗೆ ಹೋಗುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಬಿಡಬೇಕಾದದ್ದು ಬೂಷ್ಟನ್ನು, ಬೇಸಾಯವನ್ನಲ್ಲ. ಈ ಕ್ರಮಗಳನ್ನು ಅನುಸರಿಸಬಹುದು.

1. ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಒಟ್ಟಬೇಕು. ತೇವದ ಅಂದಾಜಿಗೆ, ಒಣಗಿದ ಗಾಜಿನ ಶೀಸೆಯಲ್ಲಿ ಕತ್ತರಿಸಿದ ಹುಲ್ಲು ಮತ್ತು ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಒಂದು ನಿಮಿಷ ಕುಲುಕಿ ಕಾಲು ಗಂಟೆ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ ಹೆಚ್ಚಿದೆ. ಕಾಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ.
2. ಬಣವೆಯನ್ನು ಕಲ್ಲು ಅಥವಾ ಮರದ ಅಟ್ಟಣೆಯ ಮೇಲೆ, ಮಳೆನೀರು ಜಾರುವಂತೆ ತಲೆ ಕಟ್ಟಿ ಒಟ್ಟಬೇಕು.
3. ಹಸಿ ಮೇವನ್ನು ಒಣಗಿಸಲಾಗದ ಕಾಲದಲ್ಲಿ ರಸಮೇವು ಮಾಡುವುದು ಲೇಸು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಕರಗಿಸಿ ಸಿಂಪಡಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟು, ತೆರೆದು ವಾಸನೆ ಹೋದ ಮೇಲೆ ತಿನ್ನಿಸಿದರೆ ಪೌಷ್ಟಿಕತೆ ಹೆಚ್ಚುತ್ತದೆ, ಧೂಳೂ ಏಳುವುದಿಲ್ಲ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು.
4. ಹಳೆಯ ಹುಲ್ಲನ್ನು ಹಿರಿಯುವ ಮೊದಲು ನೀರು ಚಿಮುಕಿಸಿ, ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು ಕೆಲಸ ಮಾಡಬೇಕು. ತೇವ ಮಾಡಿದ ಹುಲ್ಲನ್ನು ಅದೇ ದಿನ ಮುಗಿಸಬೇಕು. ಕೊಟ್ಟಿಗೆಯೊಳಗೆ ಹುಲ್ಲು ಕೊಡವಬಾರದು.
5. ಮುಖಕ್ಕೆ ಸುತ್ತಿದ ಟವೆಲ್ ಈ ಸೂಕ್ಷ್ಮ ಬೀಜಕಣಗಳನ್ನು ತಡೆಯುವುದಿಲ್ಲ. ಎನ್-95 ಮುಖಗವಸನ್ನು ಸಂದಿಯಿಲ್ಲದಂತೆ ಧರಿಸಬೇಕು. ರೋಗ ಬಂದವರಿಗೆ ಇದೂ ಸಾಲದು; ಅವರು ಆ ಕೆಲಸದಿಂದಲೇ ದೂರವಿರಬೇಕು.
6. ಪೂರ್ತಿ ಬೂಷ್ಟು ಹಿಡಿದ ಹುಲ್ಲು ದನಕ್ಕೂ ಹಿತವಲ್ಲ. ಅದನ್ನು ನೆನೆಸಿ ಗೊಬ್ಬರದ ಗುಂಡಿಗೆ ಹಾಕಬೇಕು.

ರೋಗ ಬಂದ ಗಂಡಸಿನ ಕೆಲಸವನ್ನು ಮನೆಯ ಹೆಂಗಸಿಗೆ ಹಾಗೆಯೇ ವಹಿಸಿಬಿಡುವುದು ಪರಿಹಾರವಲ್ಲ. ಅದೇ ಧೂಳು, ಅದರ ಮೇಲೆ ಒಲೆಯ ಹೊಗೆ, ಎರಡೂ ಅವಳ ಪಾಲಿಗೆ ಬರುತ್ತವೆ. ಹುಲ್ಲಿನ ದೋಷ ತೆಗೆದರೆ ಇಬ್ಬರಿಗೂ ಕ್ಷೇಮ.

ವಿಸ್ತರಣಾ ಕಾರ್ಯಕರ್ತರು ಮೇವು ಸಂಗ್ರಹಣೆಯ ಪ್ರಾತ್ಯಕ್ಷಿಕೆಗೆ ಹೋದಾಗ, ಹುಲ್ಲಿನ ಕೆಲಸದ ನಂತರ ಮನೆಯಲ್ಲಿ ಯಾರಿಗಾದರೂ ಜ್ವರ, ಏದುಸಿರು ಬರುತ್ತದೆಯೆ ಎಂದು ಕೇಳುವ ರೂಢಿ ಇಟ್ಟುಕೊಳ್ಳುವುದು ಉತ್ತಮ. ಬರುತ್ತದೆಂದು ತಿಳಿದರೆ ಆ ವಾರವೇ ಅವರನ್ನು ವೈದ್ಯರ ಬಳಿಗೆ ಕಳಿಸಬೇಕು. ಕೆಟ್ಟ ಮೇವಿಗೆ ಮುಂದಿನ ಸುಗ್ಗಿಯಲ್ಲಿ ಬದಲು ಸಿಗುತ್ತದೆ. ಕಲೆಗಟ್ಟಿದ ಶ್ವಾಸಕೋಶಕ್ಕೆ ಅಂಥ ಸುಗ್ಗಿ ಇಲ್ಲ.